ಕನ್ನಡಕದ ಚಿತ್ರವಿರುವ 1647ರ ಡೆನ್ಮಾರ್ಕ್ ಚಿನ್ನದ ನಾಣ್ಯ: ಇದು ನಿಜವೇ, ಇದರ ಬೆಲೆಯನ್ನು ಹೇಗೆ ನಿರ್ಧರಿಸಬೇಕು?

ಬೆಟಗೇರಿಯ ಓದುಗ (ಗದಗ):

ಮಾನ್ಯರೆ, ನಮ್ಮ ಮನೆಯ ಹಿರಿಯರ ಒಡವೆಗಳನ್ನು ಹಂಚಿಕೊಳ್ಳುವ ಸಂದರ್ಭದಲ್ಲಿ ಅಜ್ಜಿಯ ಪುತಳಿ ಸರದ ಜೊತೆಗೆ ಅದೇ ಡಬ್ಬಿಯಲ್ಲಿ ಬಿಡಿಯಾಗಿ ಇಟ್ಟಿದ್ದ ಒಂದು ತೆಳ್ಳನೆಯ ಚಿನ್ನದ ನಾಣ್ಯ ದೊರೆತಿದೆ. ಸರದಲ್ಲಿರುವ ಪುತಳಿಗಳಿಗೂ ಇದಕ್ಕೂ ಹೋಲಿಕೆಯಿಲ್ಲ. ಒಂದು ಬದಿಯಲ್ಲಿ ಕಿರೀಟ ಧರಿಸಿ, ಕೈಯಲ್ಲಿ ರಾಜದಂಡ ಹಿಡಿದು ನಿಂತಿರುವ ಗಡ್ಡದ ಅರಸನೊಬ್ಬನಿದ್ದಾನೆ. ಅವನ ಸುತ್ತಲಿನ ರೋಮನ್ ಅಕ್ಷರಗಳಲ್ಲಿ ‘ಕ್ರಿಸ್ತಿಯಾನುಸ್’ ಎಂಬ ಹೆಸರನ್ನು ಓದಬಹುದು. ಇನ್ನೊಂದು ಬದಿಯಲ್ಲಿ ಕಿವಿಗೆ ಸಿಕ್ಕಿಸುವ ಕಡ್ಡಿಗಳಿಲ್ಲದ ಒಂದು ಕನ್ನಡಕ, ‘ವಿದೆ ಮಿರಾ ದೋಮಿ’ ಎಂಬ ಬರಹ ಮತ್ತು 1647 ಎಂಬ ಇಸವಿ ಇವೆ. ಅಂಚಿನ ಒಂದು ಕಡೆ, ಅರಸನ ತಲೆಯ ಮೇಲ್ಭಾಗದಲ್ಲಿ, ಹಿಂದೆ ಕೊಂಡಿ ಬೆಸೆದು ತೆಗೆದಂತಹ ಗುರುತು ಕಾಣುತ್ತದೆ.

ಊರಿನ ಪತ್ತಾರರೊಬ್ಬರು ಇದನ್ನು ನೋಡಿ, ಹಳೆಯ ಚಿನ್ನವೆಂದು ಭಾವಿಸಿ, ತೂಕದ ಲೆಕ್ಕದಲ್ಲಿ ಆ ದಿನದ ದರಕ್ಕೆ ತೆಗೆದುಕೊಳ್ಳಲು ಸಿದ್ಧರಿದ್ದಾರೆ. ನಮ್ಮ ಕಾಕಾ ಅವರು ಮಾತ್ರ ಇಂತಹ ನಾಣ್ಯಗಳು ವಿದೇಶದ ಹರಾಜುಗಳಲ್ಲಿ ಕೋಟಿಗಟ್ಟಲೆ ಬೆಲೆಗೆ ಹೋಗುತ್ತವೆಯೆಂದು ಎಲ್ಲಿಯೋ ಓದಿರುವುದರಿಂದ, ಅವಸರ ಮಾಡಬಾರದೆಂದು ಹೇಳುತ್ತಿದ್ದಾರೆ. ಮನೆಯಲ್ಲಿ ಮೂವರು ಪಾಲುದಾರರಿದ್ದೇವೆ. ಯಾರಿಗೂ ಅನ್ಯಾಯವಾಗದಂತೆ ಇದರ ನಿಜವಾದ ಮೌಲ್ಯವನ್ನು ತಿಳಿಯಬೇಕಾಗಿದೆ. ಇದು ಯಾವ ನಾಣ್ಯ, ಅಸಲಿಯೆಂದು ಮನೆಯಲ್ಲಿಯೇ ಎಷ್ಟರ ಮಟ್ಟಿಗೆ ಪರೀಕ್ಷಿಸಬಹುದು, ಮತ್ತು ಅಸಲಿಯಾದರೆ ಅದರ ಬೆಲೆ ಯಾವುದರ ಮೇಲೆ ನಿಲ್ಲುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ವಿದ್ಯಾಗಿರಿಯ ಇತಿಹಾಸ ಶಿಕ್ಷಕ (ಧಾರವಾಡ):

ತಾವು ಕೊಟ್ಟಿರುವ ವಿವರಣೆ ಡೆನ್ಮಾರ್ಕ್ ಮತ್ತು ನಾರ್ವೆಗಳ ಅರಸನಾಗಿದ್ದ ನಾಲ್ಕನೆಯ ಕ್ರಿಶ್ಚಿಯನ್ 1647ರಲ್ಲಿ ಹೊರಡಿಸಿದ ‘ಕನ್ನಡಕದ ಡುಕಾಟ್’ಗೆ ಸರಿಹೊಂದುತ್ತದೆ. ಡುಕಾಟ್ ಎಂಬುದು ಯುರೋಪಿನ ಹಳೆಯ ಚಿನ್ನದ ನಾಣ್ಯದ ಹೆಸರು. ಡೇನಿಷ್ ಭಾಷೆಯಲ್ಲಿ ಅದನ್ನು ‘ಬ್ರಿಲೆಡುಕಾಟ್’ ಎನ್ನುತ್ತಾರೆ. ತಮ್ಮ ಕೈಯಲ್ಲಿರುವುದು ಆ ನಾಣ್ಯವೇ ಅಥವಾ ಅದರ ಪ್ರತಿಕೃತಿಯೇ ಎಂಬುದು ಬೇರೆ ಪ್ರಶ್ನೆ. ಮೊದಲು ಆ ನಾಣ್ಯದ ಹಿನ್ನೆಲೆಯನ್ನು ಹೇಳುತ್ತೇನೆ, ಏಕೆಂದರೆ ಸಂಗ್ರಾಹಕರು ಇದಕ್ಕೆ ಕೊಡುವ ಬೆಲೆಯ ಬಹುಪಾಲು ಆ ಹಿನ್ನೆಲೆಗೇ ಸೇರಿದ್ದು.

ನಾಲ್ಕನೆಯ ಕ್ರಿಶ್ಚಿಯನ್ 1588ರಿಂದ 1648ರವರೆಗೆ ಆಳಿದ. ಆಳ್ವಿಕೆಯ ಕೊನೆಯ ವರ್ಷಗಳು ಅವನಿಗೆ ಬಹಳ ಕಷ್ಟದವಾಗಿದ್ದವು. 1643ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸೇನಾಪತಿ ಟಾರ್ಸ್ಟೆನ್ಸನ್ ಯುದ್ಧ ಘೋಷಣೆಯಿಲ್ಲದೆ ದಕ್ಷಿಣದಿಂದ ದಾಳಿ ಮಾಡಿದ. 1644ರ ಜುಲೈ 1ರಂದು ಕೋಲ್ಬೆರ್ಗರ್ ಹೈಡೆಯ ನೌಕಾಯುದ್ಧದಲ್ಲಿ ತನ್ನ ಹಡಗಿನ ಮೇಲೆಯೇ ನಿಂತು ಹೋರಾಡುತ್ತಿದ್ದ ಅರಸ ಗಾಯಗೊಂಡು ಒಂದು ಕಣ್ಣು ಕಳೆದುಕೊಂಡ. ಆ ದಿನ ಅವನು ಧರಿಸಿದ್ದ ರಕ್ತದ ಕಲೆಗಳಿರುವ ಉಡುಪು ಇಂದಿಗೂ ಕೋಪನ್‌ಹೇಗನ್ನಿನ ರೋಸೆನ್‌ಬೋರ್ಗ್ ಅರಮನೆಯಲ್ಲಿದೆ. 1645ರ ಬ್ರೋಮ್ಸೆಬ್ರೋ ಒಪ್ಪಂದದಲ್ಲಿ ಗಾಟ್‌ಲ್ಯಾಂಡ್, ಓಸೆಲ್ ದ್ವೀಪಗಳನ್ನೂ ನಾರ್ವೆಯ ಎರಡು ಪ್ರಾಂತಗಳನ್ನೂ ಸ್ವೀಡನ್ನಿಗೆ ಬಿಟ್ಟುಕೊಡಬೇಕಾಯಿತು. ಬೊಕ್ಕಸ ಬರಿದಾಗಿತ್ತು.

ಈ ಸಂಕಟದ ಕಾಲದಲ್ಲಿ ಎರಡು ವಿಶಿಷ್ಟ ಬಗೆಯ ಚಿನ್ನದ ನಾಣ್ಯಗಳು ಹೊರಬಂದವು. 1644ರಿಂದ ಅಚ್ಚಾದ ಡುಕಾಟ್‌ಗಳ ಮೇಲೆ ದೇವರ ಹೆಸರನ್ನು ಹೀಬ್ರೂ ಲಿಪಿಯಲ್ಲಿ ಬರೆದು, ಅದರೊಡನೆ ‘ನ್ಯಾಯವಂತ ನ್ಯಾಯಾಧೀಶ’ ಎಂಬರ್ಥದ ಲ್ಯಾಟಿನ್ ಪದಗಳನ್ನು ಸೇರಿಸಿದ್ದಾರೆ. ಕಾರಣವಿಲ್ಲದೆ ದಾಳಿಗೆ ತುತ್ತಾದ ಅರಸನು ತನ್ನ ಮೊರೆಯನ್ನು ಮೇಲಿನ ನ್ಯಾಯಪೀಠಕ್ಕೆ ಸಲ್ಲಿಸಿದ ರೀತಿಯದು. ಎರಡನೆಯದೇ ಕನ್ನಡಕದ ಡುಕಾಟ್. ನಾರ್ವೆಯ ಅರೆಂಡಾಲ್ ಪ್ರದೇಶದಲ್ಲಿ ಚಿನ್ನ ದೊರೆತಿದೆಯೆಂಬ ಸುದ್ದಿಯನ್ನು ಆಸ್ಥಾನದಲ್ಲಿ ಕೆಲವರು ನಂಬಲಿಲ್ಲವೆಂದೂ, ಆಗ ಅರಸನು ಆ ಚಿನ್ನದಿಂದಲೇ ನಾಣ್ಯ ಹೊಡೆಸಿ, ಸಂಶಯಪಟ್ಟವರು ಚೆನ್ನಾಗಿ ನೋಡಲಿ ಎಂದು ಅದರ ಮೇಲೆ ಕನ್ನಡಕವನ್ನು ಮೂಡಿಸಿದನೆಂದೂ ಪರಂಪರೆಯಿಂದ ಬಂದ ಕಥೆಯಿದೆ. ನಾಣ್ಯದ ಬರಹದ ಅರ್ಥವೂ ‘ಪ್ರಭುವಿನ ಅದ್ಭುತಗಳನ್ನು ನೋಡು’ ಎಂದೇ ಇದೆ. ಇದನ್ನು ಅಚ್ಚು ಹಾಕಿದವನು ಅರಸನ ರಸವಿದ್ಯಾ ಪಂಡಿತನಾಗಿದ್ದ ಕ್ಯಾಸ್ಪರ್ ಹೆರ್ಬಾಖ್.

ಕಥೆ ಪೂರ್ಣವಾಗಿ ನಿಜವೋ ಅಲ್ಲವೋ, ಅದು ಅಸಂಭವವಂತೂ ಅಲ್ಲ. ನಮ್ಮ ಕಪ್ಪತಗುಡ್ಡದಿಂದ ಹರಿದು ಬರುವ ಹಳ್ಳಗಳ ಮರಳನ್ನು ತೊಳೆದು ಜಾಲಗಾರರು ಚಿನ್ನದ ಕಣಗಳನ್ನು ತೆಗೆಯುತ್ತಿದ್ದರೆಂಬುದು ಗದಗ ಭಾಗದವರಿಗೆ ಗೊತ್ತಿರುವ ಸಂಗತಿ. ಅಲ್ಪ ಪ್ರಮಾಣದ ಚಿನ್ನ ದೊಡ್ಡ ಆಸೆಯನ್ನು ಹುಟ್ಟಿಸುವುದು ಎಲ್ಲ ದೇಶಗಳಲ್ಲಿಯೂ ಇದೆ. 1623ರಲ್ಲಿ ನಾರ್ವೆಯ ಕೋಂಗ್ಸ್‌ಬೆರ್ಗ್‌ನಲ್ಲಿ ನಿಜವಾಗಿಯೂ ಸಮೃದ್ಧವಾದ ಬೆಳ್ಳಿ ದೊರೆತಿದ್ದರಿಂದ, ಚಿನ್ನವೂ ಸಿಕ್ಕೀತೆಂದು ಅರಸ ನಿರೀಕ್ಷಿಸಿದ್ದು ಸಹಜವೇ ಆಗಿತ್ತು.

ಇದು ಭಾರತಕ್ಕೆ ಬಂದ ದಾರಿಯ ಬಗ್ಗೆ ಒಂದು ಎಚ್ಚರಿಕೆ. ಇದೇ ಅರಸನ ಕಾಲದಲ್ಲಿ, 1616ರಲ್ಲಿ, ಡೇನಿಷ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾಯಿತು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದವಾಗಿ ತರಂಗಂಬಾಡಿಯಲ್ಲಿ ಡಾನ್ಸ್‌ಬೋರ್ಗ್ ಕೋಟೆ ಎದ್ದಿತು. 1845ರವರೆಗೆ ಆ ಊರು ಡೇನರ ವಶದಲ್ಲಿತ್ತು. ಆದ್ದರಿಂದ ಈ ನಾಣ್ಯ ತರಂಗಂಬಾಡಿಯಿಂದಲೇ ಬಂದಿರಬೇಕೆಂದು ಊಹಿಸುವುದು ಸುಲಭ. ಆದರೆ ಯುರೋಪಿನ ವ್ಯಾಪಾರಿಗಳು ಇಲ್ಲಿಗೆ ಹೆಚ್ಚಾಗಿ ತಂದದ್ದು ಬೆಳ್ಳಿಯನ್ನು, ಮತ್ತು ಇಲ್ಲಿನ ಪೇಟೆಗಳಲ್ಲಿ ಹರಿದಾಡಿದ ಯುರೋಪಿನ ಚಿನ್ನದ ನಾಣ್ಯಗಳಲ್ಲಿ ಮುಖ್ಯವಾದದ್ದು ವೆನಿಸ್ಸಿನ ಡುಕಾಟ್. ತಮ್ಮ ಅಜ್ಜಿಯವರ ಪುತಳಿ ಸರದ ಮೂಲ ಮಾದರಿಯೂ ಆ ವೆನಿಸ್ ನಾಣ್ಯವೇ. ದಾಖಲೆಯಿಲ್ಲದೆ ತರಂಗಂಬಾಡಿಯ ಹೆಸರನ್ನು ಈ ನಾಣ್ಯಕ್ಕೆ ಜೋಡಿಸಬಾರದೆಂದು ನನ್ನ ದೃಢವಾದ ಅಭಿಪ್ರಾಯ; ಹಾಗೆ ಜೋಡಿಸಿದ ಕಥೆ ಮುಂದೆ ಪರಿಶೀಲನೆಗೆ ಒಳಗಾದಾಗ ನಾಣ್ಯದ ಮೇಲಿನ ನಂಬಿಕೆಯನ್ನೂ ಕುಗ್ಗಿಸುತ್ತದೆ.

ನಾಣ್ಯಸಂಗ್ರಾಹಕ, ದುರ್ಗದ ಬೈಲ (ಹುಬ್ಬಳ್ಳಿ):

ಶಿಕ್ಷಕರು ಇತಿಹಾಸವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಪರೀಕ್ಷೆಯ ಬಗ್ಗೆ ಹೇಳುತ್ತೇನೆ. ಮೊದಲನೆಯದಾಗಿ, ಯಾವ ಕಾರಣಕ್ಕೂ ನಾಣ್ಯವನ್ನು ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಪತ್ತಾರರಿಗೆ ಅದು ದಿನನಿತ್ಯದ ಕ್ರಮ, ಒಡವೆಗೆ ಅದರಿಂದ ಹಾನಿಯೂ ಇಲ್ಲ. ಆದರೆ ನಾಣ್ಯದ ಅಂಚಿನಲ್ಲಿ ಬೀಳುವ ಒಂದು ಹೊಸ ಗೀರು ಅದರ ಬೆಲೆಯನ್ನು ಶಾಶ್ವತವಾಗಿ ಇಳಿಸುತ್ತದೆ. ಹುಣಸೆಹುಳಿ, ಅಂಟುವಾಳಕಾಯಿ, ಹಲ್ಲುಜ್ಜುವ ಬ್ರಷ್, ಪಾಲಿಶ್ ಬಟ್ಟೆ ಇವೆಲ್ಲವನ್ನೂ ದೂರವಿಡಬೇಕು. ಹಳೆಯ ಚಿನ್ನದ ಮೇಲೆ ಶತಮಾನಗಳಿಂದ ಕುಳಿತ ಮಂದವಾದ ಬಣ್ಣವನ್ನು ಸಂಗ್ರಾಹಕರು ಹುಡುಕಿಕೊಂಡು ಬಂದು ಹಣ ಕೊಡುತ್ತಾರೆ, ಹೊಳಪಿಗೆ ಕೊಡುವುದಿಲ್ಲ.

ತೂಕದ ಆಧಾರ ಹೀಗಿದೆ. 1559ರ ಜರ್ಮನ್ ಸಾಮ್ರಾಜ್ಯದ ಕಟ್ಟಳೆಯಂತೆ ಒಂದು ಡುಕಾಟ್ ಸುಮಾರು 3.49 ಗ್ರಾಂ ತೂಗಬೇಕು ಮತ್ತು ಸಾವಿರಕ್ಕೆ 986 ಭಾಗ ಅಪ್ಪಟ ಚಿನ್ನವಿರಬೇಕು. ಅಂದರೆ ಅಪ್ಪಟ ಚಿನ್ನ ಸುಮಾರು 3.44 ಗ್ರಾಂ. ಉತ್ತರ ಯುರೋಪಿನ ಡುಕಾಟ್‌ಗಳು ಬಹುಮಟ್ಟಿಗೆ ಈ ಅಳತೆಯನ್ನೇ ಅನುಸರಿಸಿದವು. ಕನ್ನಡಕದ ನಾಣ್ಯ ಅರ್ಧ ಡುಕಾಟ್‌ನಲ್ಲಿಯೂ ಇರುವುದರಿಂದ, ತಮ್ಮದು ಇದರ ಅರ್ಧದಷ್ಟು ತೂಗಿದರೆ ಗಾಬರಿಪಡಬೇಕಾಗಿಲ್ಲ; ಆದರೆ ನಾಲ್ಕೂವರೆ ಗ್ರಾಂ ಅಥವಾ ಎರಡೂವರೆ ಗ್ರಾಂ ಬಂದರೆ ಸಂಶಯಕ್ಕೆ ಬಲವಾದ ಕಾರಣವಿದೆ.

ಎರಡನೆಯದು ಸಾಂದ್ರತೆಯ ಪರೀಕ್ಷೆ. ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಮುಳ್ಳನ್ನು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ಪೂರ್ಣವಾಗಿ ಮುಳುಗಿಸಬೇಕು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಡುಕಾಟ್ ಚಿನ್ನಕ್ಕೆ ಅದು 19ರ ಹತ್ತಿರ ಬರಬೇಕು. 22 ಕ್ಯಾರೆಟ್ ಒಡವೆಯ ಚಿನ್ನಕ್ಕೆ ಹದಿನೇಳೂವರೆಯಿಂದ ಹದಿನೆಂಟರ ಆಸುಪಾಸಿನಲ್ಲಿ ಬರುತ್ತದೆ. ಚಿನ್ನದ ಲೇಪವಿರುವ ಬೆಳ್ಳಿಗೆ ಸುಮಾರು 10.5, ಹಿತ್ತಾಳೆಗೆ ಸುಮಾರು 8.5. ನೂಲಿಗೆ ಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ, ಆದ್ದರಿಂದ ನಿಧಾನವಾಗಿ ಇಳಿಸಿ.

ಮೂರನೆಯದು ಕಣ್ಣಿನ ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅಕ್ಷರಗಳ ಬುಡವನ್ನು ನೋಡಬೇಕು. ಅಚ್ಚಿನ ಹೊಡೆತದಿಂದ ಮೂಡಿದ ನಾಣ್ಯದಲ್ಲಿ ಅಕ್ಷರ ಮೇಲೇಳುವ ಗೆರೆ ತೀಕ್ಷ್ಣವಾಗಿರುತ್ತದೆ ಮತ್ತು ಲೋಹ ಹರಿದ ಗುರುತುಗಳು ಅಂಚಿನ ಕಡೆಗೆ ಸಾಗಿರುತ್ತವೆ. ಎರಕ ಹೊಯ್ದ ಪ್ರತಿಕೃತಿಯಲ್ಲಿ ಅಕ್ಷರಗಳು ಮೊಂಡಾಗಿ, ಬಯಲಿನ ಮೇಲೆ ಸೂಜಿಮೊನೆಯಂತಹ ಸಣ್ಣ ರಂಧ್ರಗಳಿದ್ದು, ಅಂಚಿನ ಸುತ್ತ ಅರೆದು ಸಮಗೊಳಿಸಿದ ಜೋಡಣೆಯ ಗೆರೆ ಕಾಣಬಹುದು. ಕಥೆಯಿಂದಾಗಿ ಪ್ರಸಿದ್ಧವಾದ ನಾಣ್ಯಗಳನ್ನು ಪದಕಗಳಾಗಿಯೂ ನೆನಪಿನ ಕಾಣಿಕೆಗಳಾಗಿಯೂ ಮತ್ತೆ ಮತ್ತೆ ಮಾಡುತ್ತಾರೆ, ಕೆಲವನ್ನು ನಿಜವಾದ ಚಿನ್ನದಲ್ಲಿಯೇ ಮಾಡುತ್ತಾರೆ. ಆದ್ದರಿಂದ ಚಿನ್ನ ಅಪ್ಪಟವೆಂದು ತಿಳಿದ ಮಾತ್ರಕ್ಕೆ ನಾಣ್ಯ ಅಸಲಿಯೆಂದು ತಿಳಿದಂತಾಗುವುದಿಲ್ಲ.

ಹಾನಗಲ್ಲಿನ ಸದಸ್ಯ (ಹಾವೇರಿ ಜಿಲ್ಲೆ):

ಒಂದು ಸಣ್ಣ ಸೇರ್ಪಡೆ. ಡೆನ್ಮಾರ್ಕ್ ಚಿನ್ನದ ನಾಣ್ಯಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಜಾಹೀರಾತುಗಳು ಅಂತರ್ಜಾಲದಲ್ಲಿ ಬಹಳ. 1757ರಿಂದ ಹೊರಬಂದ 12 ಮಾರ್ಕ್ ಮುಖಬೆಲೆಯ ‘ಕುರಾಂಟ್’ ಡುಕಾಟ್ ಹಗುರವಾದದ್ದು, ಸುಮಾರು 3.1 ಗ್ರಾಂ, ಅದರ ಶುದ್ಧತೆಯೂ 21 ಕ್ಯಾರೆಟ್ ಮಾತ್ರ. ಪಶ್ಚಿಮ ಆಫ್ರಿಕಾದ ಗಿನಿಯಿಂದ ಬಂದ ಚಿನ್ನದಲ್ಲಿ ಅಚ್ಚಾಗಿ, ಈಗಿನ ಘಾನಾದ ಅಕ್ರಾದಲ್ಲಿರುವ ಕ್ರಿಶ್ಚಿಯಾನ್ಸ್‌ಬೋರ್ಗ್ ಕೋಟೆಯ ಚಿತ್ರ ಹೊತ್ತ ಡುಕಾಟ್‌ಗಳು ಬೇರೆಯೇ ಒಂದು ವರ್ಗ. ಅವುಗಳಿಗೆ ಬೇಡಿಕೆ ಹೆಚ್ಚು, ಆದರೆ ಅದೇ ಕೋಟೆಯಿಂದ ಗುಲಾಮರ ವ್ಯಾಪಾರವೂ ನಡೆದಿತ್ತೆಂಬುದನ್ನು ಅವುಗಳನ್ನು ಕೊಳ್ಳುವವರು ತಿಳಿದಿರಬೇಕು. ಬೆಲೆ ಹೋಲಿಸುವಾಗ ಕನ್ನಡಕದ ಡುಕಾಟ್ ಅನ್ನು ಕನ್ನಡಕದ ಡುಕಾಟ್‌ನೊಂದಿಗೆ ಮಾತ್ರ ಹೋಲಿಸಬೇಕು.

ಬೆಟಗೇರಿಯ ಓದುಗ (ಗದಗ):

ಎಲ್ಲರಿಗೂ ಕೃತಜ್ಞತೆಗಳು. ಪರಿಚಿತರ ಅಂಗಡಿಯ ತಕ್ಕಡಿಯಲ್ಲಿ ನಾಣ್ಯ 3.42 ಗ್ರಾಂ ತೂಗಿತು. ನೀರಿನ ಪರೀಕ್ಷೆಯಲ್ಲಿ 0.18 ಎಂಬ ಅಂಕಿ ಬಂದಿತು; ಭಾಗಿಸಿದರೆ ಸರಿಯಾಗಿ 19 ಆಗುತ್ತದೆ. ಮಸೂರದಲ್ಲಿ ರಂಧ್ರಗಳು ಕಾಣಲಿಲ್ಲ. ಹಾಗಾದರೆ ಇದು ಅಸಲಿಯೆಂದು ತಿಳಿಯಬಹುದೇ? ಅಸಲಿಯಾದರೆ ಇದನ್ನು ಕೋಪನ್‌ಹೇಗನ್ನಿನ ಹರಾಜಿಗೆ ಕಳುಹಿಸುವುದು ಒಳ್ಳೆಯದೆಂದು ಕಾಕಾ ಅವರ ಸಲಹೆ.

ನಾಣ್ಯಸಂಗ್ರಾಹಕ, ದುರ್ಗದ ಬೈಲ (ಹುಬ್ಬಳ್ಳಿ):

ಇದು ಆಶಾದಾಯಕವಾದ ಫಲಿತಾಂಶ, ಆದರೆ ಇನ್ನೂ ನಿರ್ಣಾಯಕವಲ್ಲ. ತಾವು ಬಳಸಿದ ತಕ್ಕಡಿ ಎರಡು ದಶಮಾಂಶಗಳವರೆಗೆ ಮಾತ್ರ ತೋರಿಸುತ್ತದೆ. ಆ ಅಂಕಿ 0.17 ಆಗಿದ್ದರೆ ಸಾಂದ್ರತೆ 20ಕ್ಕೂ ಮೇಲೆ ಹೋಗುತ್ತಿತ್ತು, 0.19 ಆಗಿದ್ದರೆ 18ಕ್ಕೆ ಇಳಿದು ಒಡವೆಯ ಚಿನ್ನಕ್ಕೆ ಸಮೀಪವಾಗುತ್ತಿತ್ತು. ಇಷ್ಟು ಹಗುರವಾದ ವಸ್ತುವಿನಲ್ಲಿ ಕೊನೆಯ ಅಂಕಿಯ ಒಂದು ಹೆಜ್ಜೆಯೇ ಉತ್ತರವನ್ನು ಬದಲಿಸುತ್ತದೆ. ಬೆಳ್ಳಿಯೂ ಅಲ್ಲ, ಹಿತ್ತಾಳೆಯೂ ಅಲ್ಲ ಎಂಬುದಂತೂ ಖಚಿತವಾಗಿದೆ, ಏಕೆಂದರೆ ಆಗ ಅಂಕಿ 0.33 ಅಥವಾ 0.40ರ ಹತ್ತಿರ ಬರಬೇಕಾಗಿತ್ತು. ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಮತ್ತೊಮ್ಮೆ ನೋಡಿ. ಹುಬ್ಬಳ್ಳಿಯ ದೊಡ್ಡ ಆಭರಣದ ಅಂಗಡಿಗಳಲ್ಲಿರುವ ಎಕ್ಸ್-ಕಿರಣದ ಯಂತ್ರದಲ್ಲಿ ಗೀರು ಬೀಳದಂತೆ ಶುದ್ಧತೆಯನ್ನು ನೋಡಬಹುದು. ಅದು ಮೇಲ್ಪದರವನ್ನಷ್ಟೇ ಓದುವುದರಿಂದ, ಅದನ್ನೂ ಸಾಂದ್ರತೆಯನ್ನೂ ಜೊತೆಗಿಟ್ಟು ತೀರ್ಮಾನಿಸಬೇಕು. ಬೆಸುಗೆಯ ಗುರುತಿನ ಮೇಲೆ ಯಂತ್ರವನ್ನು ಹಿಡಿಯದಿರಲಿ, ಅಲ್ಲಿ ಬೇರೆ ಲೋಹ ಬೆರೆತಿರುತ್ತದೆ.

ಇದಾದ ಮೇಲೆ ಉಳಿಯುವುದು ಅಚ್ಚಿನ ಹೋಲಿಕೆ. ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ರಾಜಮನೆತನದ ನಾಣ್ಯ ಸಂಗ್ರಹ ಇದಕ್ಕೆ ಅತ್ಯುತ್ತಮ ಆಧಾರ. ಚಿತ್ರಗಳನ್ನು ಕಳುಹಿಸಲು ಯಾವ ಅಡ್ಡಿಯೂ ಇಲ್ಲ. ಎರಡೂ ಬದಿಗಳನ್ನೂ ಅಂಚನ್ನೂ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು, ಓರೆಯಾದ ಬೆಳಕಿನಲ್ಲಿ ತೆಗೆದ ಚಿತ್ರಗಳಿದ್ದರೆ ತಜ್ಞರು ಅಕ್ಷರಗಳ ಸ್ಥಾನವನ್ನು ಅಸಲಿ ಅಚ್ಚುಗಳೊಂದಿಗೆ ಹೋಲಿಸಿ ಬಹಳಷ್ಟನ್ನು ಹೇಳಬಲ್ಲರು.

ನಾಣ್ಯವನ್ನೇ ಕಳುಹಿಸುವ ಮಾತನ್ನು ಮಾತ್ರ ಕೈಬಿಡಬೇಕು. 1972ರ ಪುರಾವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ ಯಾವುದೇ ನಾಣ್ಯ ಪುರಾವಸ್ತು. ಅದು ಭಾರತದಲ್ಲಿ ಅಚ್ಚಾಗಿರಬೇಕೆಂಬ ನಿಯಮವಿಲ್ಲ. ಪುರಾವಸ್ತುವನ್ನು ದೇಶದ ಹೊರಗೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ ಇದೆ. ಖಾಸಗಿ ವ್ಯಕ್ತಿ ಅಂಚೆಯಲ್ಲಿ ಕಳುಹಿಸಿದರೂ, ಪ್ರಯಾಣದಲ್ಲಿ ಜೇಬಿನಲ್ಲಿಟ್ಟುಕೊಂಡು ಹೋದರೂ ಅದು ಅಪರಾಧ. ದೇಶದೊಳಗೆ ತಮ್ಮ ಸ್ವಂತ ನಾಣ್ಯವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಪುರಾವಸ್ತುಗಳ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಮಾರುವುದಾದರೆ ಅಂತಹವರ ಮೂಲಕವೇ, ರಸೀದಿಯೊಂದಿಗೆ ಮಾರಬೇಕು. ಧಾರವಾಡದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವೃತ್ತ ಕಚೇರಿಯಿದೆ, ಅಲ್ಲಿ ವಿಚಾರಿಸಿ ಮುಂದುವರಿಯುವುದು ಸುರಕ್ಷಿತ. ನೆಲದಲ್ಲಿ ಹುದುಗಿದ್ದ ನಿಧಿಯಾಗಿದ್ದರೆ ಸರ್ಕಾರಕ್ಕೆ ತಿಳಿಸುವ ಬೇರೆ ಕಾನೂನು ಅನ್ವಯಿಸುತ್ತಿತ್ತು. ಮನೆಯ ಡಬ್ಬಿಯಿಂದ ವಂಶಪಾರಂಪರ್ಯವಾಗಿ ಬಂದಿದೆಯೆಂಬುದನ್ನು ಮೂವರು ಪಾಲುದಾರರೂ ಈಗಲೇ ಬರೆದು ಸಹಿ ಮಾಡಿಟ್ಟುಕೊಳ್ಳಿ.

ವಿದ್ಯಾಗಿರಿಯ ಇತಿಹಾಸ ಶಿಕ್ಷಕ (ಧಾರವಾಡ):

ಕಾಕಾ ಅವರು ಓದಿರುವುದು ಬಹುಶಃ ಲಾರ್ಸ್ ಎಮಿಲ್ ಬ್ರೂನ್ ಸಂಗ್ರಹದ ಸುದ್ದಿಯಾಗಿರಬೇಕು. 1923ರಲ್ಲಿ ತೀರಿಕೊಂಡ ಈ ಬೆಣ್ಣೆ ವ್ಯಾಪಾರಿ ಸುಮಾರು 20,000 ನಾಣ್ಯ ಮತ್ತು ಪದಕಗಳನ್ನು ಕೂಡಿಸಿದ್ದ. ಮೊದಲನೆಯ ಮಹಾಯುದ್ಧದ ನಾಶವನ್ನು ಕಂಡಿದ್ದ ಅವನು, ರಾಷ್ಟ್ರೀಯ ಸಂಗ್ರಹಕ್ಕೆ ಏನಾದರೂ ಆದರೆ ತನ್ನ ಸಂಗ್ರಹ ಅದರ ಸ್ಥಾನ ತುಂಬಲೆಂದು, ನೂರು ವರ್ಷಗಳವರೆಗೆ ಅದನ್ನು ಮಾರಬಾರದೆಂದು ಉಯಿಲು ಬರೆದಿಟ್ಟ. ಅವಧಿ ಮುಗಿದ ಮೇಲೆ 2024ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಮೊದಲ ಹರಾಜು ನಡೆದು, ಹಾನ್ಸ್ ಎಂಬ ಅರಸ 1496ರಲ್ಲಿ ಹೊರಡಿಸಿದ ಚಿನ್ನದ ನಾಣ್ಯವೊಂದು 12 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅದು ಡೆನ್ಮಾರ್ಕಿನ ಮೊತ್ತಮೊದಲ ಚಿನ್ನದ ನಾಣ್ಯ. ಆ ಬೆಲೆಯನ್ನು ನೋಡಿ ತಮ್ಮ ಡುಕಾಟ್‌ಗೆ ಲೆಕ್ಕ ಹಾಕುವುದು ಸರಿಯಲ್ಲ. ಅಲ್ಲಿ ಅಪರೂಪತೆಯ ಜೊತೆಗೆ ನೂರು ವರ್ಷಗಳ ಅಖಂಡ ಒಡೆತನದ ದಾಖಲೆಯೂ ಇತ್ತು, ಮತ್ತು ಕೊಳ್ಳಲು ಪ್ರಪಂಚದ ಎಲ್ಲೆಡೆಯಿಂದ ಜನ ಸೇರಿದ್ದರು.

ತಮ್ಮ ನಾಣ್ಯದ ಬೆಲೆಗೆ ಕೆಳಗಿನ ಮಿತಿ ಚಿನ್ನದ ತೂಕ. ಮೇಲಿನ ಮಿತಿಯನ್ನು ಯುರೋಪಿನ ಹರಾಜಿನಿಂದ ರೂಪಾಯಿಗೆ ಪರಿವರ್ತಿಸಿ ಪಡೆಯಲಾಗದು, ಏಕೆಂದರೆ ಕಾನೂನಿನಂತೆ ಕೊಳ್ಳುವವರು ಈ ದೇಶದೊಳಗಿನವರೇ ಆಗಿರಬೇಕು ಮತ್ತು ಇಲ್ಲಿ ನಮ್ಮ ನಾಡಿನ ಹಳೆಯ ಚಿನ್ನದ ನಾಣ್ಯಗಳಾದ ಲೊಕ್ಕಿ ಗದ್ಯಾಣಕ್ಕೋ ವಿಜಯನಗರದ ವರಾಹಕ್ಕೋ ಇರುವಷ್ಟು ಸ್ಪರ್ಧೆ ಡೆನ್ಮಾರ್ಕಿನ ನಾಣ್ಯಕ್ಕೆ ಇಲ್ಲ. ಹಾಗಿದ್ದರೂ ಅಸಲಿಯೆಂದು ದೃಢಪಟ್ಟರೆ, ಕನ್ನಡಕದ ಡುಕಾಟ್‌ನ ಕಥೆಯನ್ನು ಬಲ್ಲ ಗಂಭೀರ ಸಂಗ್ರಾಹಕರು ಚಿನ್ನದ ಬೆಲೆಗಿಂತ ಬಹಳ ಹೆಚ್ಚನ್ನೇ ಕೊಡುತ್ತಾರೆ. ಕರಗಿಸಿದರೆ ಸಿಗುವುದು ಮೂರೂವರೆ ಗ್ರಾಂಗಿಂತಲೂ ಕಡಿಮೆ ಚಿನ್ನ ಮಾತ್ರ, ಅದೂ ಸವಕಳಿ ಕಳೆದು. ಪಾಲಿನ ವಿಷಯದಲ್ಲಿ ನನ್ನ ಸಲಹೆಯೆಂದರೆ, ಅಭಿಪ್ರಾಯಗಳು ಬರುವವರೆಗೆ ಇದನ್ನು ಹಂಚಿಕೆಯ ಹೊರಗಿಟ್ಟು, ಮೂವರ ಹೆಸರಿನಲ್ಲಿ ಬ್ಯಾಂಕಿನ ಲಾಕರಿನಲ್ಲಿಡಿ.

ಬೆಟಗೇರಿಯ ಓದುಗ (ಗದಗ):

ಕರಗಿಸುವ ಮಾತನ್ನು ಮನೆಯಲ್ಲಿ ಎಲ್ಲರೂ ಬಿಟ್ಟಿದ್ದೇವೆ. ಕೊನೆಯದಾಗಿ ಒಂದು ಪ್ರಶ್ನೆ: ಅಂಚಿನಲ್ಲಿರುವ ಬೆಸುಗೆಯ ಉಳಿಕೆಯನ್ನು ನುರಿತ ಪತ್ತಾರರಿಂದ ನಯವಾಗಿ ತೆಗೆಸಿದರೆ ಬೆಲೆ ಹೆಚ್ಚಾಗುವುದೇ?

ನಾಣ್ಯಸಂಗ್ರಾಹಕ, ದುರ್ಗದ ಬೈಲ (ಹುಬ್ಬಳ್ಳಿ):

ತೆಗೆಸಬೇಡಿ. ಕೊಂಡಿಯ ಗುರುತಿರುವ ನಾಣ್ಯಕ್ಕೆ ಗುರುತಿಲ್ಲದ ನಾಣ್ಯಕ್ಕಿಂತ ಸಾಕಷ್ಟು ಕಡಿಮೆ ಬೆಲೆ ಬರುತ್ತದೆಂಬುದು ನಿಜ, ಆದರೆ ಆ ನಷ್ಟ ಎಂದೋ ಆಗಿಹೋಗಿದೆ. ಈಗ ಬೆಂಕಿ ತೋರಿಸಿದರೆ ಸುತ್ತಲಿನ ಹಳೆಯ ಬಣ್ಣ ಹೋಗುತ್ತದೆ. ಅರದಿಂದ ತಿಕ್ಕಿದರೆ ಅಂಚಿನ ಅಕ್ಷರಗಳೂ ಅಸಲಿ ಲೋಹವೂ ಹೋಗುತ್ತವೆ. ಮುಂದೆ ಪರಿಶೀಲಿಸುವ ತಜ್ಞರು ದುರಸ್ತಿಯನ್ನು ಗುರುತಿಸಿ, ಏನನ್ನು ಮರೆಮಾಚಲು ಹೀಗೆ ಮಾಡಿದರೆಂದು ಕೇಳುತ್ತಾರೆ. ಆ ಗುರುತು ಈ ನಾಣ್ಯ ಕೆಲವು ಕಾಲ ಒಡವೆಯಾಗಿತ್ತೆಂಬುದಕ್ಕೆ ಸಾಕ್ಷಿಯೂ ಹೌದು. ಪಿ.ವಿ.ಸಿ. ಇಲ್ಲದ ಪಾರದರ್ಶಕ ಪೊಟ್ಟಣದಲ್ಲಿ, ಅಂಚಿನಿಂದ ಮಾತ್ರ ಹಿಡಿದು ಇಡಿ. ಮಿಲಿಗ್ರಾಂ ತಕ್ಕಡಿಯ ಅಂಕಿ ಮತ್ತು ಓರೆ ಬೆಳಕಿನ ಚಿತ್ರಗಳು ಸಿದ್ಧವಾದಾಗ ಇಲ್ಲಿಯೇ ಹಾಕಿ. ಕನ್ನಡಕವಿರುವ ಬದಿಯ ಇಸವಿಯ ಅಂಕಿಗಳು ಮತ್ತು ಅರಸನ ಪಾದಗಳ ಬಳಿಯ ಅಕ್ಷರಗಳು ಸ್ಪಷ್ಟವಾಗಿ ಕಾಣುವಂತಿರಲಿ.